ದೀಪ ಆರಿಸಿದವನು

ಮುದುಕನಿಗೆ ಮರೆವು ಎಂದು ಹಿಂದಿನಿಂದ ನಗುವವರು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ಬೆಳಿಗ್ಗೆ ತಿಂದದ್ದು ಮರೆತಿರಬಹುದು. ಎಲ್ವೀರಾ ಆ ಬಾಗಿಲ ಮುಂದೆ ಹೇಳಿದ್ದು ಒಂದಕ್ಷರವೂ ಮರೆತಿಲ್ಲ.

ಸಂತ್ಯಾಗೊ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಯಾತ್ರೆ ಹೊರಟಿದ್ದ ಕಡಲತೀರದ ಹುಡುಗಿ. ದ್ರಾಕ್ಷಿಯನ್ನು ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಲೊಗ್ರೊನ್ಯೊ ಪಟ್ಟಣ ಬಿಟ್ಟಾಗಿನಿಂದ ಅವಳ ಹಿಂದೆ ಒಬ್ಬ ಬರುತ್ತಿದ್ದ. ಕೈ ಮೊಣಕೈವರೆಗೆ ಕೆಂಪು. ಸೊಂಟದಲ್ಲಿ ಬಾಗಿದ ಕತ್ತಿ. ಕೊಯ್ಲಿನವನಿರಬೇಕು ಎಂದು ತನಗೇ ಹೇಳಿಕೊಂಡಳು. ಆದರೆ ಜೇಬಿನಿಂದ ಮೋಂಬತ್ತಿ ಇಣುಕುತ್ತಿತ್ತು. ಹಾಡಹಗಲಲ್ಲಿ ಮೋಂಬತ್ತಿ ಯಾಕೆ?

ಅವಳು ನಿಂತರೆ ಅವನೂ ದೂರದಲ್ಲೇ ನಿಲ್ಲುತ್ತಿದ್ದ. ನಡೆದರೆ ನಡೆಯುತ್ತಿದ್ದ. ಸಂಜೆಯಾಯಿತು. ತೋಟಗಳೆಲ್ಲ ಖಾಲಿ. ಕೂಗಿದರೆ ಕೇಳುವವರಿಲ್ಲ.

ನಮ್ಮೂರ ಗುಡ್ಡದ ಬುಡದಲ್ಲಿ ದ್ರಾಕ್ಷಾರಸದ ನೆಲಮಾಳಿಗೆಗಳಿವೆ. ಸುಗ್ಗಿಯಲ್ಲಿ ಅವುಗಳ ಬಾಗಿಲು ಯಾರೂ ಮುಚ್ಚುವುದಿಲ್ಲ. ಎಲ್ವೀರಾ ಒಂದರೊಳಗೆ ನುಗ್ಗಿ, ಮೆಟ್ಟಿಲ ಪಕ್ಕದ ಪೀಪಾಯಿಯ ಹಿಂದೆ ಕುಳಿತಳು. ಹುಳಿ ವಾಸನೆ. ತಲೆ ಸುತ್ತುತ್ತಿತ್ತು.

ಬಾಗಿಲಲ್ಲಿ ನೆರಳು ಬಿತ್ತು.

"ಹೊರಗೆ ಬಾರಮ್ಮ! ಒಳಗೇ ಇದ್ರೆ ಸತ್ತೇ ಹೋಗ್ತೀಯ!"

ಅವಳು ಉಸಿರು ಬಿಗಿಹಿಡಿದಳು. ಕಡ್ಡಿ ಗೀರಿದ ಸದ್ದು. ಮೋಂಬತ್ತಿ ಅವಳನ್ನು ದಾಟಿ ಕೆಳಗಿಳಿಯಿತು. ನಡುವೆಯೇ ಆರಿತು. ಆರಿದರೂ ಹೆಜ್ಜೆಗಳು ಹಿಂದಿರುಗಲಿಲ್ಲ. ಕತ್ತಲಲ್ಲಿ ಇನ್ನೂ ಕೆಳಗಿಳಿದವು, ಮೂಲೆ ಮೂಲೆ ತಡಕಿದವು.

ಎಲ್ವೀರಾ ಮೇಲಕ್ಕೆ ಓಡಿ, ಬಾಗಿಲೆಳೆದು ಹೊರಗಿನಿಂದ ಅಗಳಿ ಹಾಕಿದಳು. ಒಳಗಿನಿಂದ ಒಂದೆರಡು ಸಲ ಬಡಿತ ಕೇಳಿತು. ಆಮೇಲೆ ಇಲ್ಲ.

ನಾನು ಬುಟ್ಟಿ ಹೊತ್ತು ಬಂದಾಗ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಬೆಳಗಿನಿಂದ ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಕೂಡಿಹಾಕಿದೀನಿ, ಅಣ್ಣಾ! ಪಾಪಿ, ದೀಪ ಆರಿಸ್ಕೊಂಡು ಹುಡುಕ್ತಿದ್ದ."

"ಊದಿ ಆರಿಸಿದ್ನಾ? ನೋಡಿದ್ಯಾ?"

"ಇಲ್ಲ... ತಾನೇ ಆರಿಹೋಯ್ತು."

ಬುಟ್ಟಿ ಕೈಜಾರಿತು. ರಸ ಹುಳಿ ಬರುವಾಗ ಉಸಿರುಗಟ್ಟಿಸುವ ಗಾಳಿ ಕೆಳಗೆ ತುಂಬಿಕೊಳ್ಳುತ್ತದೆ. ಅದನ್ನು ತಿಳಿಯಲೆಂದೇ ನಾವು ಮೋಂಬತ್ತಿ ಹಿಡಿದು ಇಳಿಯುವುದು. ಅದು ಆರಿದರೆ ಎಂಥ ಗಂಡಸೂ ಹಿಂದಕ್ಕೆ ಓಡುತ್ತಾನೆ.

ಅಗಳಿ ತೆಗೆದೆ. ಮೇಲಿನ ಮೆಟ್ಟಿಲಲ್ಲೇ ಬಿದ್ದಿದ್ದ, ನನ್ನ ತಮ್ಮ ಎವಾರಿಸ್ತೊ. ಉಸಿರು ನಿಂತಿತ್ತು. ಕೊಯ್ಲು ಮುಗಿಸಿ ಮನೆಗೆ ಬರುತ್ತಿದ್ದವನು. ಹೆದರಿದ ಹೆಂಗಸಿನ ಹತ್ತಿರ ಹೋಗಬೇಡ ಎಂದು ಅಮ್ಮ ಕಲಿಸಿದ್ದಳು. ಅದಕ್ಕೇ ದಾರಿಯುದ್ದಕ್ಕೂ ದೂರ ನಿಂತಿದ್ದ.

ಈ ದಾರಿ ನಡೆಯುವವರು ಯಾರಾದರೂ ಗೊತ್ತಿದ್ದರೆ ಇದನ್ನು ಅವರಿಗೆ ಕೇಳಿಸಿ: ದೀಪ ಆರಿದ ಮೇಲೂ ಕೆಳಗಿಳಿಯುವವನು ಕೊಲೆಗಾರನಲ್ಲ.