ಒಕ್ಕೊರಲ ಬೇಡಿಕೆ

"ಕೂಡಿ ಬಾಳೋದನ್ನ ನಾನು ನಕ್ಷೆಯಲ್ಲೇ ಹಾಕಿಬಿಟ್ಟಿದ್ದೀನಿ" ಎಂದು ನಗರ ಯೋಜನೆಯ ಸಾಹೇಬರು ಹೋದಲ್ಲೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಗುಡಿಸಲು ತೆಗೆಸಿ ಕಟ್ಟಿಸಿದ ವಸತಿ ಸಮುಚ್ಚಯದಲ್ಲಿ ಅವರು ಚೀಟಿ ಎತ್ತಿ ಮನೆ ಹಂಚಿದ್ದರು. ಹೂ ಮಾರುವವಳ ಪಕ್ಕಕ್ಕೆ ಕೋಳಿ ಅಂಗಡಿಯ ಸಾಬರು, ಅವರ ಎದುರಿಗೆ ಚರ್ಚಿನ ಗಂಟೆ ಹೊಡೆಯುವವನು.

ವರ್ಷದ ಮೇಲೆ ಪತ್ರಕರ್ತನೊಬ್ಬನನ್ನು ಕಟ್ಟಿಕೊಂಡು ನೋಡಲು ಬಂದರೆ, ನಿವಾಸಿಗಳೆಲ್ಲ ಗುಂಪುಗೂಡಿ ನಿಂತಿದ್ದರು. ಹೊಡೆದಾಡಿಕೊಂಡರೇನೋ ಎಂದು ಸಾಹೇಬರು ಪತ್ರಕರ್ತನಿಗೆ ಅಡ್ಡವಾಗಿ ನಿಂತರು.

"ಜಗಳ ಏನಿಲ್ಲ ಸಾರ್, ನಮ್ಮೆಲ್ಲರದೂ ಒಂದೇ ಮಾತು," ಎಂದರು ಕೋಳಿ ಅಂಗಡಿಯವರು.

ಸಾಹೇಬರು ಉಬ್ಬಿಹೋದರು. "ಬರ್ಕೊಳ್ರೀ ಇದನ್ನ!" ಎಂದು ಪತ್ರಕರ್ತನಿಗೆ ಹೇಳಿ, ಜನರತ್ತ ತಿರುಗಿ, "ಏನು ಬೇಕೋ ಕೇಳಿ" ಎಂದರು.

"ಹಿಂದುಗಡೆ ಒಂದು ಗೋಡೆ ಬೇಕು ಸಾರ್," ಎಂದಳು ಹೂ ಮಾರುವವಳು. "ಅಲ್ಲಿ ಟೆಂಟ್ ಹಾಕಿರೋ ಕೂಲಿಯವರು ನಮ್ಮ ನಲ್ಲಿಗೆ ಬರ್ತಾರೆ. ಅವರ ಮಕ್ಕಳು ನಮ್ಮ ಮಕ್ಕಳ ಜೊತೆ ಆಡ್ತವೆ."

ಸಾಹೇಬರಿಗೆ ಭಾಷಣದಲ್ಲಿ ಬರುವಂಥ ಸಿಟ್ಟೇ ಬಂತು.

"ನಾಚಿಕೆ ಆಗಲ್ವಾ? ಮೊನ್ನೆಮೊನ್ನೆವರೆಗೂ ನೀವೇ ಗುಡಿಸಲಲ್ಲಿದ್ರಿ. ಮನುಷ್ಯರ ಮಧ್ಯೆ ಗೋಡೆ ಕಟ್ಟೋದು ಎಲ್ಲಿ ಕಲಿತ್ರಿ?"

ಅವಳು ಮುಂದುಗಡೆಗೆ, ಸಾಹೇಬರು ವಾಸವಿದ್ದ ಬಡಾವಣೆಯತ್ತ ಕೈ ತೋರಿಸಿದಳು.

"ನಿಮ್ಮ ಮನೆಗಳಿಗೂ ನಮಗೂ ನಡುವೆ ಕಟ್ಟಿಸಿದ್ದೀರಲ್ಲ ಸಾರ್, ಅಂಥದ್ದೇ ಸಾಕು. ಮೇಲೆ ಗಾಜಿನ ಚೂರು ಮಾತ್ರ ಬೇಡ, ಪಾಪ, ಅವರಿಗೂ ಮಕ್ಕಳಿದಾವೆ."