ಎಡಗೈ

“ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಏನು ಬರುತ್ತದೆ?” ಎಂದು ಪಾಠದ ಅಭ್ಯಾಸಕ್ಕೆ ಬಂದಿದ್ದ ಬಿ.ಎಡ್. ವಿದ್ಯಾರ್ಥಿನಿ ಸುಲಭಾ ಕೇಳುತ್ತಲೇ ಎಂಟನೆಯ ತರಗತಿಯ ಅಷ್ಟೂ ಕೈಗಳು ಮೇಲೆದ್ದವು. ಹಿಂದಿನ ಬೆಂಚಿನಲ್ಲಿದ್ದ ಪ್ರಾಧ್ಯಾಪಕರು ಮೆಚ್ಚಿ ತಲೆದೂಗಿದರು. ಗಣಿತ ಶಿಕ್ಷಕರ ತರಬೇತಿಯನ್ನು ಕೂಡಿ ಸುಧಾರಿಸಬೇಕೆಂದು ಎರಡು ವಿಶ್ವವಿದ್ಯಾಲಯಗಳು ಅವರನ್ನು ರಾಣೆಬೆನ್ನೂರಿಗೆ ಕಳಿಸಿದ್ದವು.

ಸುಲಭಾಳಿಗೆ ಮೈಯೆಲ್ಲ ಉರಿಯಿತು. ಉತ್ತರ ಬರುವವರು ಬಲಗೈ, ಬರದವರು ಎಡಗೈ ಎತ್ತಬೇಕೆಂದು ಬಿ.ಎಡ್. ಕಾಲೇಜಿನ ಪರಮೇಶಪ್ಪ ಸರ್ ಬೆಳಿಗ್ಗೆಯೇ ಮಕ್ಕಳಿಗೆ ತಾಲೀಮು ಮಾಡಿಸಿದ್ದರು. “ಬಲಗೈ ಎತ್ತಿದವರನ್ನಷ್ಟ ಎಬ್ಬಿಸವಾ. ನಿನ್ನ ಮಾರ್ಕ್ಸ್ ನನ್ನ ಕೈಯಾಗ ಅದಾವ, ನೆಪ್ಪಿರ್ಲಿ” ಎಂದು ಅವಳನ್ನೂ ಹೆದರಿಸಿದ್ದರು.

ಅವಳು ಎಡಗೈ ಎತ್ತಿದ್ದ ಉಡಚವ್ವನನ್ನೇ ಎಬ್ಬಿಸಿದಳು. ಹುಡುಗಿ ಗಾಬರಿಯಾಗಿ ಕೈಯನ್ನು ಇನ್ನಷ್ಟು ಮೇಲೆ ಚಾಚಿದಳು. “ಅಕ್ಕೋರ, ನಂದು ಎಡಗೈ ಐತ್ರಿ!”

“ಕಾಣಸ್ತದ. ಏನು ತಿಳಿದಿಲ್ಲ, ಅದನ್ನ ಹೇಳು.”

“ಧನಸಂಖ್ಯೆ ಬರ್ತೈತಿ ಅಂತ ಬಾಯಿಪಾಠ ಐತ್ರಿ. ಯಾಕ ಬರ್ತೈತಿ ಅನ್ನೂದು ತಿಳಿದಿಲ್ರಿ. ಅದಕ್ಕ ಎಡಗೈ ಎತ್ತೇನ್ರಿ.”

ಪ್ರಾಧ್ಯಾಪಕರ ಪಕ್ಕದಲ್ಲಿ ಕೂತಿದ್ದ ಪರಮೇಶಪ್ಪ ಸರ್ ಜೋರಾಗಿ ಕೆಮ್ಮಿದರು. ಸುಲಭಾ ಅವರನ್ನೇ ದುರುಗುಟ್ಟಿ ನೋಡುತ್ತ, ಇಡೀ ತರಗತಿಗೆ ಕೇಳುವಂತೆ ದನಿಯೆತ್ತಿದಳು. “ಯಾಕಂತ ಯಾರ್ಯಾರಿಗೆ ಗೊತ್ತದ? ಕೈ ಎತ್ತರಿ!”

ಬಲಗೈಗಳು ಒಂದೊಂದಾಗಿ ಕೆಳಗಿಳಿದವು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಪರಮೇಶಪ್ಪ ಸರ್ ಹೇಳಿಕೊಟ್ಟಿದ್ದ ಹಾಗೆಯೇ, ಎಲ್ಲರೂ ಎಡಗೈ ಎತ್ತಿದರು.