ಹತ್ತು ನಿಮಿಷದ ನೀರು

ಹೊಸ ದೋಣಿಯೊಳಕ್ಕೆ ಚಿಮ್ಮಿದ ನೀರನ್ನು ದಾಕ್ಷಿ ಚೊಂಬಿನಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಅಪ್ಪ ಮಲ್ಲಪ್ಪ ಹಿಂದೆ ಕೂತು ಮೋಟಾರು ನಡೆಸುತ್ತಿದ್ದ.

"ಹೆಂಗೆ ಓಡ್ತದೆ ನೋಡು ಮಗಾ, ಕುದುರೆ ಹಂಗೆ! ಮನೆಗೆ ಹತ್ತೇ ನಿಮಿಷ."

ದಾಕ್ಷಿ ತಲೆಯಾಡಿಸಿದಳು. ಆಷಾಢದಲ್ಲಿ ಎದೆನೋವೆಂದ ಅವ್ವನನ್ನು ಆಸ್ಪತ್ರೆಗೆಂದು ತೆಪ್ಪದಲ್ಲಿ ಕೂರಿಸಿಕೊಂಡು ಹೊರಟಾಗ, ಹಾರಂಗಿಯ ಇದೇ ಹಿನ್ನೀರು ದಾಟಲು ಒಂದು ಗಂಟೆ ಹಿಡಿದಿತ್ತು. ಅವ್ವ ನಡುನೀರಿನಲ್ಲೇ ಹೋಗಿಬಿಟ್ಟಿದ್ದಳು.

ಬಿದಿರುಮೆಳೆಯ ತಿರುವಿನಲ್ಲಿ ಅಪ್ಪ ಇದ್ದಕ್ಕಿದ್ದಂತೆ ಮೋಟಾರು ನಿಲ್ಲಿಸಿದ. ಪೆಟ್ರೋಲು ಮುಗಿಯಿತೇನೋ ಎಂದು ಅವಳು ತಿರುಗಿ ನೋಡಿದಳು. ಅವನು ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಮೂವತ್ತು ವರ್ಷ ತೆಪ್ಪದಿಂದ ಕೂಗಿದ ಹಾಗೆಯೇ, ಬೀಗ ಹಾಕಿದ ಮನೆಯತ್ತ ಕೂಗಿದ:

"ಗೌರೀ, ಹೊಸ ದೋಣಿ ಬಂತು ಕಣೇ. ಆರತಿ ತಗೊಂಡು ಬಾ."